ಬ್ರಿಡ್ಜ್ ಪೋರ್ಟ್: ಟರ್ಬೊ ಇಲ್ಲದ ರೋಟರಿ ಎಂಜಿನ್ನಿಗೆ ಹೆಚ್ಚಿನ ಶಕ್ತಿ

ಪಿಸ್ಟನ್ ಬದಲು ತ್ರಿಕೋನಾಕಾರದ ರೋಟರ್ ಸುತ್ತುವ ರೋಟರಿ ಎಂಜಿನ್ನಿನ ಪಕ್ಕದ ಹೌಸಿಂಗ್‌ನಲ್ಲಿ, ಅಂದರೆ ರೋಟರ್ ಕೋಣೆಯ ಪಕ್ಕದ ಗೋಡೆಯಲ್ಲಿ, ಗಾಳಿ-ಪೆಟ್ರೋಲ್ ಮಿಶ್ರಣ ಒಳಬರಲು ಒಂದು ಕಿಂಡಿ ಇರುತ್ತದೆ. ಅದರ ಹೊರಬದಿಗೆ ಹುಬ್ಬಿನಾಕಾರದ ಇನ್ನೊಂದು ಕಿಂಡಿ ಕೊರೆದು, ಎರಡರ ನಡುವೆ ಎರಕದ ಕಬ್ಬಿಣದ ಸಣ್ಣ ಪಟ್ಟಿಯೊಂದನ್ನು ಉಳಿಸಿಕೊಂಡರೆ ಅದು ಬ್ರಿಡ್ಜ್ ಪೋರ್ಟ್. ಉಳಿದ ಆ ಪಟ್ಟಿಯೇ ಬ್ರಿಡ್ಜ್. ಮಾಜ್ದಾದ 12ಎ, 13ಬಿ ಎಂಜಿನ್ನುಗಳನ್ನು ಟರ್ಬೊ ಇಲ್ಲದೆ ರೇಸಿಗೆ ಅಣಿಗೊಳಿಸುವವರ ಬಾಯಲ್ಲಿ ಹೆಚ್ಚು ಓಡಾಡುವ ಪದ ಇದು. ಇದರ ಸುತ್ತ ತಪ್ಪು ತಿಳುವಳಿಕೆಯೂ ಅಷ್ಟೇ ಇದೆ. ಐಡ್ಲಿಂಗ್‌ನಲ್ಲಿ ಕೇಳುವ ಬಿಟ್ಟುಬಿಟ್ಟು ಹೊಡೆಯುವ ಸದ್ದಿಗೆ ಮರುಳಾಗಿ ಹೌಸಿಂಗ್ ಕೊರೆಸಿಬಿಡುತ್ತಾರೆ. ಎಕ್ಸಾಸ್ಟ್, ಕಾರ್ಬುರೇಟರ್, ಗೇರ್ ಹಳೆಯವೇ ಉಳಿದು, ಕಾರು ಮೊದಲಿಗಿಂತ ನಿಧಾನವಾಗುತ್ತದೆ.

ರೋಟರಿಯಲ್ಲಿ ಶಕ್ತಿಯ ಮಾತೆಲ್ಲ ಕೊನೆಗೆ ಕಿಂಡಿಯ ಅಂಚಿಗೇ ಬಂದು ನಿಲ್ಲುವುದು ಏಕೆಂದರೆ ಬೇರೆ ದಾರಿಗಳು ಇಲ್ಲಿ ಕಡಿಮೆ. ಪಿಸ್ಟನ್ ಎಂಜಿನ್ನನ್ನು ಬೋರ್ ಮಾಡಿಸಬಹುದು, ಕ್ಯಾಮ್‌ಶಾಫ್ಟ್ ಬದಲಿಸಬಹುದು, ದೊಡ್ಡ ವಾಲ್ವ್ ಕೂರಿಸಬಹುದು. ರೋಟರಿಯಲ್ಲಿ ವಾಲ್ವೂ ಇಲ್ಲ, ಕ್ಯಾಮೂ ಇಲ್ಲ. 13ಬಿ ಎಂಜಿನ್ನಿನ ಎರಡು ರೋಟರ್‌ಗಳಿಗೆ ತಲಾ 654 ಸಿಸಿ, ಒಟ್ಟು 1308 ಸಿಸಿ. ರೋಟರ್‌ನ ಅಗಲ 80 ಮಿ.ಮೀ., ರೋಟರ್‌ಗಳನ್ನು ಹೊತ್ತ ಎಕ್ಸೆಂಟ್ರಿಕ್ ಶಾಫ್ಟಿನ ಕೇಂದ್ರದಿಂದ ರೋಟರ್‌ನ ಕೇಂದ್ರ ಸರಿದಿರುವ ದೂರ 15 ಮಿ.ಮೀ. ಎಂದು ನಿಗದಿಯಾಗಿಬಿಟ್ಟ ಮೇಲೆ ಆ ಗಾತ್ರವನ್ನು ಹಿಗ್ಗಿಸುವಂತಿಲ್ಲ. ಕಿಂಡಿ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದನ್ನು ಅದರ ಆಕಾರವೇ ನಿರ್ಧರಿಸುತ್ತದೆ. ರೋಟರ್‌ನ ಬದಿ ಅದರ ಮೇಲೆ ಸರಿದುಹೋದಂತೆ ತೆರೆದು ಮುಚ್ಚುತ್ತದೆ, ಅಷ್ಟೆ. ಹಾಗಾಗಿ ಗ್ರೈಂಡರ್ ಹಿಡಿದವನು ಕ್ಯಾಮ್ ಕೊರೆಯುವವನ ಕೆಲಸವನ್ನೇ ಮಾಡುತ್ತಿರುತ್ತಾನೆ.

ಅಶ್ವಶಕ್ತಿಯು ಟಾರ್ಕ್ (ಶಾಫ್ಟನ್ನು ತಿರುಗಿಸುವ ಬಲ) ಮತ್ತು ಆರ್‌ಪಿಎಂ (ನಿಮಿಷಕ್ಕೆ ಶಾಫ್ಟಿನ ಸುತ್ತು) ಇವುಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. 200 ನ್ಯೂಟನ್-ಮೀಟರ್ ಟಾರ್ಕ್ 5000 ಆರ್‌ಪಿಎಂನಲ್ಲಿ ಸುಮಾರು 142 ಅಶ್ವಶಕ್ತಿ. ಅದೇ ಟಾರ್ಕನ್ನು 9000ದಲ್ಲೂ ಉಳಿಸಿಕೊಂಡರೆ 256. ಟರ್ಬೊ ಇಲ್ಲದ ರೋಟರಿಯಲ್ಲಿ ಟಾರ್ಕನ್ನು ತೀರ ಹೆಚ್ಚಿಸಲಾಗದು. ಮೇಲಿನ ಆರ್‌ಪಿಎಂನಲ್ಲಿ ಅದು ಕುಸಿಯದಂತೆ ಹಿಡಿದುಕೊಳ್ಳುವುದೇ ಕೆಲಸ. ಇದಕ್ಕೆ ಎಂಜಿನ್ನಿನ ರಚನೆಯೂ ಒದಗಿಬರುತ್ತದೆ. ಶಾಫ್ಟ್ ಮೂರು ಸುತ್ತು ಸುತ್ತಿದರೆ ರೋಟರ್ ಒಂದೇ ಸುತ್ತು ಸುತ್ತುತ್ತದೆ. ಪಿಸ್ಟನ್ನಿನ ಪ್ರತಿ ಹಂತಕ್ಕೆ ಶಾಫ್ಟಿನ 180 ಡಿಗ್ರಿ ಸಿಕ್ಕರೆ ಇಲ್ಲಿ 270 ಡಿಗ್ರಿ ಸಿಗುತ್ತದೆ.

ಕಾರ್ಖಾನೆಯಿಂದ ಬಂದ 12ಎ ಎಂಜಿನ್ನಿನಲ್ಲಿ ಒಳಗಾಳಿಯ ಕಿಂಡಿ ಟಾಪ್ ಡೆಡ್ ಸೆಂಟರ್ (ಕೋಣೆ ಅತಿ ಕಿರಿದಾಗುವ ಘಟ್ಟ) ದಾಟಿ ಸುಮಾರು 32 ಡಿಗ್ರಿಗೆ ತೆರೆದು, ಬಾಟಮ್ ಡೆಡ್ ಸೆಂಟರ್ (ಅತಿ ಹಿರಿದಾಗುವ ಘಟ್ಟ) ದಾಟಿ 40 ಡಿಗ್ರಿಗೆ ಮುಚ್ಚುತ್ತದೆ. ಎಕ್ಸಾಸ್ಟ್ ಮುಚ್ಚುವುದು ಟಾಪ್ ಡೆಡ್ ಸೆಂಟರ್ ದಾಟಿ 38ರ ಸುಮಾರಿಗೆ. ಅಂದರೆ ಎರಡೂ ಒಟ್ಟಿಗೆ ತೆರೆದಿರುವ ಅವಧಿ, ಓವರ್‌ಲ್ಯಾಪ್, ಬರೀ ಆರೇಳು ಡಿಗ್ರಿ. ನಯವಾದ ಐಡ್ಲಿಂಗ್, ಒಳ್ಳೆಯ ಪಿಕಪ್ ಬರುವುದು ಇದರಿಂದಲೇ. ಮೇಲಿನ ಆರ್‌ಪಿಎಂನಲ್ಲಿ ಉಸಿರುಗಟ್ಟುವುದೂ ಇದರಿಂದಲೇ.

ಮೊದಲ ಮೆಟ್ಟಿಲು ಸ್ಟ್ರೀಟ್ ಪೋರ್ಟ್. ಮೂಲ ಕಿಂಡಿಯನ್ನೇ ಮೇಲಕ್ಕೂ ತುಸು ಹೊರಕ್ಕೂ ಹಿಗ್ಗಿಸುತ್ತಾರೆ. ಮೇಲಂಚು ಏರಿದಷ್ಟೂ ಕಿಂಡಿ ತಡವಾಗಿ ಮುಚ್ಚುತ್ತದೆ, ಶಕ್ತಿಯ ಶಿಖರ ಮೇಲಿನ ಆರ್‌ಪಿಎಂಗೆ ಸರಿಯುತ್ತದೆ. ಕಡಿಮೆ ವೇಗದಲ್ಲಿ ಮಾತ್ರ ಒಳಬಂದ ಮಿಶ್ರಣದ ಒಂದು ಪಾಲು ತಿರುಗಿ ಹೊರಕ್ಕೆ ತಳ್ಳಲ್ಪಡುತ್ತದೆ. ಹಿಗ್ಗಿಸಲು ಮೂರು ಕಡೆ ಗಡಿಗಳಿವೆ. ಒಳಬದಿಗೆ ಹೋದರೆ ರೋಟರ್‌ನ ಆಯಿಲ್ ಸೀಲ್ ಕಿಂಡಿಯ ಮೇಲೆ ಹಾಯ್ದು, ಆಯಿಲ್ ನೇರವಾಗಿ ಒಳಗಾಳಿಗೆ ಸೇರಿ ಹೊಗೆ ಶುರುವಾಗುತ್ತದೆ. ಹೊರಬದಿಗೆ ಹೋದರೆ ರೋಟರ್‌ನ ಮೂಲೆಯ ಗುಂಡು ಸೀಲ್, ಅಂದರೆ ಕಾರ್ನರ್ ಸೀಲ್, ಆಧಾರವಿಲ್ಲದೆ ಕಿಂಡಿಯೊಳಕ್ಕೆ ಇಳಿದು ಅಂಚಿಗೆ ಬಡಿಯುತ್ತದೆ. ಮೂರನೆಯದನ್ನು ಹೊಸಬರು ಗಮನಿಸುವುದೇ ಇಲ್ಲ. ಒಂದು ಮೂಲೆಯಿಂದ ಇನ್ನೊಂದಕ್ಕೆ ಹಾಯುವ ಉದ್ದನೆಯ ತೆಳು ಸೈಡ್ ಸೀಲ್, ಕಿಂಡಿ ದಾಟುವಾಗ ತನ್ನ ಸ್ಪ್ರಿಂಗ್ ಒತ್ತಡಕ್ಕೆ ತುಸು ಹೊರಕ್ಕೆ ಉಬ್ಬುತ್ತದೆ. ಮುಚ್ಚುವ ಅಂಚು ಸೀಲ್‌ಗೆ ಸಮಾನಾಂತರವಾಗಿದ್ದರೆ ಸೀಲ್‌ನ ಉದ್ದಕ್ಕೂ ಒಮ್ಮೆಲೇ ಏಟು ಬೀಳುತ್ತದೆ. ಅಂಚು ಓರೆಯಾಗಿದ್ದು, ಸುಮಾರು ಒಂದು ಮಿ.ಮೀ. ಇಳಿಜಾರಾಗಿ ಉಜ್ಜಿದ್ದರೆ ಸೀಲ್ ಒಂದು ತುದಿಯಿಂದ ಮೆಲ್ಲಗೆ ಏರಿಹೋಗುತ್ತದೆ. ಚೂಪಾಗಿ ಬಿಟ್ಟ ಅಂಚು ಸೀಲನ್ನು ತರಿಯುತ್ತದೆ, ಕೆಲವೇ ದಿನಗಳಲ್ಲಿ ಕಂಪ್ರೆಷನ್ ಬೀಳುತ್ತದೆ.

ಬ್ರಿಡ್ಜ್ ಪೋರ್ಟ್ ಹುಟ್ಟಿದ್ದು ಎರಡನೆಯ ಗಡಿಯನ್ನು ದಾಟಲು. ಕಾರ್ನರ್ ಸೀಲ್ ಓಡುವ ದಾರಿಯಲ್ಲಿ ಕಬ್ಬಿಣವನ್ನು ಉಳಿಸಿಕೊಂಡು, ಅದರಾಚೆಗೆ ಕಿಂಡಿ ಕೊರೆದರೆ ಸೀಲ್‌ಗೆ ಆಧಾರವೂ ಉಳಿಯುತ್ತದೆ, ಗಾಳಿಗೆ ಜಾಗವೂ ಸಿಗುತ್ತದೆ. ಆದರೆ ಇದರಿಂದ ಆಗುವ ದೊಡ್ಡ ಬದಲಾವಣೆ ಜಾಗದ್ದಲ್ಲ, ಕಾಲದ್ದು. ಹುಬ್ಬಿನ ಕಿಂಡಿ ರೋಟರ್‌ನ ಹೊರದಾರಿಗೆ ಹತ್ತಿರವಿರುವುದರಿಂದ ಟಾಪ್ ಡೆಡ್ ಸೆಂಟರ್‌ಗೆ ಬಹಳ ಮುಂಚೆಯೇ, ಎಕ್ಸಾಸ್ಟ್ ಇನ್ನೂ ತೆರೆದಿರುವಾಗಲೇ ತೆರೆದುಕೊಳ್ಳುತ್ತದೆ. ಆರೇಳು ಡಿಗ್ರಿಯ ಓವರ್‌ಲ್ಯಾಪ್ ನೂರು ಡಿಗ್ರಿಯನ್ನೂ ಮೀರುತ್ತದೆ.

8000 ಆರ್‌ಪಿಎಂನಲ್ಲಿ ಇದು ವರ. ಸರಿಯಾದ ಉದ್ದದ ಎಕ್ಸಾಸ್ಟ್ ಪೈಪಿನಲ್ಲಿ ಹಿಂದಿರುಗುವ ಕಡಿಮೆ ಒತ್ತಡದ ಅಲೆ, ಹಳೆಯ ಹೊಗೆಯನ್ನು ಹೊರಕ್ಕೆಳೆಯುತ್ತ ಹೊಸ ಮಿಶ್ರಣವನ್ನೂ ಒಳಕ್ಕೆ ಸೆಳೆಯುತ್ತದೆ. ಐಡ್ಲಿಂಗ್‌ನಲ್ಲಿ ಇದೇ ಶಾಪ. ಥ್ರಾಟಲ್ ಮುಚ್ಚಿರುವುದರಿಂದ ಒಳಗಾಳಿಯ ಕೊಳವೆಗಳಲ್ಲಿ, ಅಂದರೆ ಮ್ಯಾನಿಫೋಲ್ಡ್‌ನಲ್ಲಿ, ನಿರ್ವಾತವಿರುತ್ತದೆ. ಓವರ್‌ಲ್ಯಾಪ್‌ನಲ್ಲಿ ಅದು ಎಕ್ಸಾಸ್ಟ್‌ನ ಸುಟ್ಟ ಹೊಗೆಯನ್ನು ಹಿಂದಕ್ಕೆಳೆಯುತ್ತದೆ. ಹೊಗೆ ಬೆರೆತ ಮಿಶ್ರಣಕ್ಕೆ ಕಿಡಿ ಹತ್ತುವುದಿಲ್ಲ. ಸುಡದೆ ಹೊರಹೋದ ಮೇಲೆ ಮುಂದಿನ ಸರದಿಗೆ ಬರುವುದು ಹೆಚ್ಚು ಶುದ್ಧ, ಅದು ಜೋರಾಗಿ ಹತ್ತುತ್ತದೆ. ಮತ್ತೆ ಹೊಗೆ, ಮತ್ತೆ ತಪ್ಪಿದ ಕಿಡಿ. ಎಲ್ಲರೂ ಮೆಚ್ಚುವ ಆ ಸದ್ದು ಇದೇ: ಶಕ್ತಿಯ ಸದ್ದಲ್ಲ, ಕಿಡಿ ತಪ್ಪುವ ಸದ್ದು. ಐಡ್ಲಿಂಗನ್ನು 1200–1500 ಆರ್‌ಪಿಎಂಗೆ ಏರಿಸದಿದ್ದರೆ ಎಂಜಿನ್ ನಿಂತುಹೋಗುತ್ತದೆ. ಬ್ರೇಕ್ ಬೂಸ್ಟರ್‌ಗೆ ಬೇಕಾದ ನಿರ್ವಾತವೂ ಸಾಲದೆ ಪೆಡಲ್ ಗಟ್ಟಿಯಾಗುತ್ತದೆ. ರಸ್ತೆಗಿಳಿಸುವ ಮೊದಲು ಈ ಬ್ರೇಕಿನ ವಿಷಯವನ್ನು ನೋಡಲೇಬೇಕು.

ಎಕ್ಸಾಸ್ಟ್ ಕಿರಿದಾಗಿದ್ದರೆ ಕೆಲಸವೆಲ್ಲ ದಂಡ ಏಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಮೂಲ ಸೈಲೆನ್ಸರ್‌ನ ಹಿಂಒತ್ತಡ, ನೂರು ಡಿಗ್ರಿ ತೆರೆದ ಬಾಗಿಲಿನಿಂದ ಹೊಗೆಯನ್ನು ನೇರ ಒಳಗಾಳಿಗೇ ನುಗ್ಗಿಸುತ್ತದೆ. ಮೂಲ ಕಿಂಡಿಯ ಎಂಜಿನ್ ಇದನ್ನು ಸಹಿಸಿಕೊಳ್ಳುತ್ತದೆ, ಬ್ರಿಡ್ಜ್ ಪೋರ್ಟ್ ಸಹಿಸುವುದಿಲ್ಲ. ಆದ್ದರಿಂದ ಮೊದಲು ಎಕ್ಸಾಸ್ಟ್, ಆಮೇಲೆ ಗ್ರೈಂಡರ್. ರೋಟರಿಯ ಎಕ್ಸಾಸ್ಟ್ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ಮೀರುವುದರಿಂದ ತೆಳು ಪೈಪು, ಅಗ್ಗದ ತುಂಬುಹತ್ತಿಯ ಸೈಲೆನ್ಸರ್ ಬಾಳುವುದಿಲ್ಲ.

ಕೊರೆಯುವ ಕ್ರಮ ಹೀಗೆ. ಹೌಸಿಂಗನ್ನು ಪೂರ್ತಿ ತೊಳೆದು, ರೋಟರ್ ಉಜ್ಜುವ ಮೇಲ್ಮೈಗೆ ದಪ್ಪ ಟೇಪ್ ಅಂಟಿಸಬೇಕು. ಗ್ರೈಂಡರಿನ ಕೊರೆಯುವ ತುದಿ, ಅಂದರೆ ಬರ್, ಒಮ್ಮೆ ಜಾರಿದರೆ ಅಲ್ಲಿ ಬೀಳುವ ಗೀರು ಸೀಲ್‌ಗಳನ್ನು ತಿನ್ನುತ್ತದೆ. ಟೆಂಪ್ಲೇಟ್ ಇಟ್ಟು, ಮಾರ್ಕಿಂಗ್ ಬಣ್ಣ ಬಳಿದು, ಮೊನಚು ಸೂಜಿಯಿಂದ ಗೆರೆ ಎಳೆಯಬೇಕು. ಕಾರ್ಬೈಡ್ ಬರ್‌ನಿಂದ ಗೆರೆಯ ಒಳಗೆ ತುಸು ಉಳಿಸಿ ಕೊರೆದು, ಕೊನೆಯ ಭಾಗವನ್ನು ಕಲ್ಲಿನಿಂದ ತೀಡಬೇಕು. ಎರಡು ಹೌಸಿಂಗ್‌ಗಳ ಕಿಂಡಿಗಳು ಒಂದಕ್ಕೊಂದು ತಾಳೆಯಾಗಬೇಕು, ಇಲ್ಲವಾದರೆ ಎರಡು ರೋಟರ್‌ಗಳು ಬೇರೆಬೇರೆ ಎಂಜಿನ್ನುಗಳಂತೆ ವರ್ತಿಸುತ್ತವೆ. ಬ್ರಿಡ್ಜಿನ ಎರಡೂ ಬದಿಯ ಅಂಚನ್ನು ಇಳಿಜಾರು ಮಾಡಿ ನುಣುಪಾಗಿಸಬೇಕು. ಹುಬ್ಬಿನ ಕಿಂಡಿಯ ಎರಡು ತುದಿಗಳನ್ನು ಗುಂಡಾಗಿಯೇ ಬಿಡಬೇಕು. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ.

ತಪ್ಪುವುದು ಹೆಚ್ಚಾಗಿ ಎರಡು ಕಡೆ. ಗಾಳಿಗೆಂದು ಬ್ರಿಡ್ಜನ್ನು ತೀರ ತೆಳ್ಳಗೆ ಮಾಡುತ್ತಾರೆ. ರೋಟರ್‌ನ ಪ್ರತಿ ಸುತ್ತಿಗೂ ಮೂರು ಕಾರ್ನರ್ ಸೀಲ್‌ಗಳ ಏಟು, ಜೊತೆಗೆ ಬಿಸಿ-ತಂಪಿನ ಎಳೆದಾಟ. ಒಂದು ದಿನ ಪಟ್ಟಿ ಮುರಿದು ಒಳಬೀಳುತ್ತದೆ. ರೋಟರ್, ಹೌಸಿಂಗ್, ಸೀಲ್ ಯಾವುದೂ ಉಳಿಯುವುದಿಲ್ಲ. ಇನ್ನೊಂದು, ಹುಬ್ಬಿನ ಹಿಂದೆಯೇ ಇರುವ ನೀರಿನ ಸೀಲ್. 1986ರಿಂದೀಚಿನ 13ಬಿಯಲ್ಲಿ ಆ ಸೀಲ್‌ನ ತೋಡು ಪಕ್ಕದ ಹೌಸಿಂಗ್‌ನಲ್ಲೇ ಇದೆ, ಹಳೆಯವುಗಳಲ್ಲಿ ರೋಟರ್ ಹೌಸಿಂಗ್‌ನಲ್ಲಿದೆ. ಕಿಂಡಿ ಹಿಗ್ಗಿ ತೋಡಿನ ಗೋಡೆ ಒಡೆದರೆ ಕೂಲಂಟ್ ಒಳಸೋರುತ್ತದೆ. ಬೇಕೆಂದೇ ತೋಡನ್ನು ದಾಟಿಸಿ, ರೋಟರ್ ಹೌಸಿಂಗ್‌ನ ಅಂಚನ್ನೂ ಕತ್ತರಿಸಿ, ಸೀಲ್‌ನ ಜಾಗವನ್ನು ಎಪಾಕ್ಸಿಯಿಂದ ಕಟ್ಟುವ ದೊಡ್ಡ ಬ್ರಿಡ್ಜ್‌ಗಳಿವೆ. ಅವು ಟ್ರ್ಯಾಕಿಗೆ ಮಾತ್ರ.

ರಸ್ತೆಯಲ್ಲೂ ಓಡಬೇಕಾದ ಕಾರಿಗೆ ಅರ್ಧ ಬ್ರಿಡ್ಜ್‌ಗಿಂತ ಮುಂದೆ ಹೋಗಬಾರದು. ನಾಲ್ಕು ಕಿಂಡಿಯ 13ಬಿಯಲ್ಲಿ ನಡುವಿನ ಹೌಸಿಂಗ್‌ನದು ಪ್ರೈಮರಿ, ಮುಂದಿನ ಮತ್ತು ಹಿಂದಿನ ಹೌಸಿಂಗ್‌ನದು ಸೆಕೆಂಡರಿ. ಸೆಕೆಂಡರಿಗಷ್ಟೇ ಬ್ರಿಡ್ಜ್ ಕೊರೆದು ಪ್ರೈಮರಿಯನ್ನು ಸ್ಟ್ರೀಟ್ ಪೋರ್ಟಿಗೆ ನಿಲ್ಲಿಸಿದರೆ ಕೆಳಗಿನ ಪಿಕಪ್ ಸ್ವಲ್ಪವಾದರೂ ಉಳಿಯುತ್ತದೆ. ಇದಕ್ಕೆ ಒಪ್ಪುವ ಜೋಡಣೆ ಟರ್ಬೊ ಮಾದರಿಯ ನಾಲ್ಕು ಕಿಂಡಿಯ ಹೌಸಿಂಗ್‌ಗಳು ಮತ್ತು 1989–91ರ ಟರ್ಬೊ ಇಲ್ಲದ ಮಾಜ್ದಾ ಆರ್‌ಎಕ್ಸ್-7 ಕಾರಿನ 9.7:1 ಕಂಪ್ರೆಷನ್ ರೋಟರ್‌ಗಳು. ಚೆನ್ನಾಗಿ ಕಟ್ಟಿದ ಬ್ರಿಡ್ಜ್ ಪೋರ್ಟ್ 13ಬಿಯಿಂದ 250 ಅಶ್ವಶಕ್ತಿಯ ಆಸುಪಾಸು ನಿರೀಕ್ಷಿಸಬಹುದು.

ಅದರಾಚೆಗೆ ಪೆರಿಫೆರಲ್ ಪೋರ್ಟ್. ಪಕ್ಕದ ಕಿಂಡಿಗಳನ್ನು ಮುಚ್ಚಿ, ರೋಟರ್ ಹೌಸಿಂಗ್‌ನ ಮೈಗೇ ಕೊಳವೆ ಕೂರಿಸಿದರೆ ಗಾಳಿ ತಿರುವಿಲ್ಲದೆ ನೇರ ನುಗ್ಗುತ್ತದೆ. ಕಾರ್ನರ್ ಸೀಲ್‌ನ ಚಿಂತೆಯೂ ಇಲ್ಲ. ಆದರೆ ಈ ಕಿಂಡಿ ಎಂದೂ ಪೂರ್ತಿ ಮುಚ್ಚುವುದಿಲ್ಲ, ಯಾವುದಾದರೊಂದು ಕೋಣೆಗೆ ತೆರೆದೇ ಇರುತ್ತದೆ. 13ಬಿಯಲ್ಲಿ ಇದು 300 ಅಶ್ವಶಕ್ತಿಯ ಸುಮಾರಿಗೆ ಮುಟ್ಟಿಸುತ್ತದೆ. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದ ಮಾಜ್ದಾ 787ಬಿಯ ಆರ್26ಬಿ ಎಂಜಿನ್ ಈ ಬಗೆಯದೇ: ನಾಲ್ಕು ರೋಟರ್, 2616 ಸಿಸಿ, ರೋಟರ್‌ಗೆ ಮೂರು ಸ್ಪಾರ್ಕ್ ಪ್ಲಗ್, 9000 ಆರ್‌ಪಿಎಂನಲ್ಲಿ ಸುಮಾರು 700 ಅಶ್ವಶಕ್ತಿ. ಪೆರಿಫೆರಲ್ ಪೋರ್ಟಿನ ಇಕ್ಕಟ್ಟಾದ ಶಕ್ತಿವಲಯವನ್ನು ಹಿಗ್ಗಿಸಲು ಅದರ ಒಳಗಾಳಿಯ ಕೊಳವೆಗಳು ಓಡುವಾಗಲೇ ಉದ್ದ-ಗಿಡ್ಡ ಆಗುತ್ತಿದ್ದವು. ಟರ್ಬೊ ಇಲ್ಲದ ರೋಟರಿಯ ಎಲ್ಲ ಪಾಠಗಳೂ ಆ ಒಂದು ಎಂಜಿನ್ನಿನಲ್ಲಿವೆ.

2003ರ ಮಾಜ್ದಾ ಆರ್‌ಎಕ್ಸ್-8 ಕಾರಿನ ರೆನೆಸಿಸ್ ಎಂಜಿನ್ ಪೆರಿಫೆರಲ್ ಪೋರ್ಟಿಗೆ ತದ್ವಿರುದ್ಧ. ಎಕ್ಸಾಸ್ಟನ್ನೂ ಪಕ್ಕದ ಹೌಸಿಂಗ್‌ಗೆ ತಂದು, ಓವರ್‌ಲ್ಯಾಪನ್ನೇ ಇಲ್ಲವಾಗಿಸಿ, ದೊಡ್ಡ ಕಿಂಡಿಗಳಿಂದಲೇ 8500 ಆರ್‌ಪಿಎಂನಲ್ಲಿ 250 ಪಿಎಸ್ (ಮೆಟ್ರಿಕ್ ಅಶ್ವಶಕ್ತಿ) ತೆಗೆದರು. ಅದರಲ್ಲಿ ಗ್ರೈಂಡರಿಗೆ ಉಳಿದಿರುವ ಕೆಲಸ ಕಡಿಮೆ.

ಕಿಂಡಿ ಮುಗಿದ ಮೇಲೆ ಉಳಿದದ್ದನ್ನೂ ಹೊಂದಿಸಬೇಕು. ಒಳಗಾಳಿಗೆ ವೆಬರ್ 48 ಐಡಿಎಯಂಥ ಕಾರ್ಬುರೇಟರ್, ಇಲ್ಲವೇ ರೋಟರ್‌ಗೊಂದು ಥ್ರಾಟಲ್. ಇಂಜೆಕ್ಷನ್ ಇದ್ದರೆ ಮ್ಯಾನಿಫೋಲ್ಡ್ ಒತ್ತಡವನ್ನು ನಂಬದೆ ಥ್ರಾಟಲ್ ತೆರೆದಿರುವ ಪ್ರಮಾಣದ ಮೇಲೆ ಟ್ಯೂನ್ ಮಾಡುವುದು ಸರಿ, ಏಕೆಂದರೆ ಕೆಳಗಿನ ವೇಗದಲ್ಲಿ ಆ ಒತ್ತಡ ಕುಣಿಯುತ್ತಿರುತ್ತದೆ. ಐಡ್ಲಿಂಗ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ ಪೆಟ್ರೋಲ್ ಕಡಿಮೆಯಾಗಿದೆ ಎಂದು ತೋರಿಸಿದರೂ ನಂಬಬೇಡಿ. ಕಿಡಿ ತಪ್ಪಿದಾಗ ಸುಡದೆ ಹೊರಬಂದ ಆಮ್ಲಜನಕವನ್ನು ಅದು ಅಳೆಯುತ್ತಿದೆ. ಪೂರ್ಣ ಥ್ರಾಟಲ್‌ನಲ್ಲಿ ಮಾತ್ರ ಅದರ ಮಾತು ಕೇಳಿ, ಗಾಳಿ-ಪೆಟ್ರೋಲ್ ಅನುಪಾತವನ್ನು 13:1ರ ಆಸುಪಾಸಿಗೆ ಇಟ್ಟುಕೊಳ್ಳಿ. ರೋಟರ್‌ನ ಮೂರು ತುದಿಗಳಲ್ಲಿರುವ ಏಪೆಕ್ಸ್ ಸೀಲ್‌ಗಳಿಗಾಗಿ ಪೆಟ್ರೋಲ್ ಲೀಟರಿಗೆ 8ರಿಂದ 10 ಮಿ.ಲೀ. ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕು. 8500 ದಾಟಿಸುವುದಾದರೆ ಗಟ್ಟಿಗೊಳಿಸಿದ ಸ್ಟೇಷನರಿ ಗೇರ್ (ಪಕ್ಕದ ಹೌಸಿಂಗ್‌ಗೆ ಬಿಗಿದ, ತಿರುಗದ ಗೇರ್), ಹೆಚ್ಚಿನ ಆಯಿಲ್ ಒತ್ತಡ, ಬ್ಯಾಲೆನ್ಸ್ ಮಾಡಿದ ರೋಟರ್‌ಗಳು ಬೇಕು; ಆ ವೇಗದಲ್ಲಿ ಶಾಫ್ಟ್ ಬಾಗಿ ರೋಟರ್ ಹೌಸಿಂಗ್‌ಗೆ ತಾಗುವುದುಂಟು. ನೀರಿನ ಪಂಪಿಗೆ ದೊಡ್ಡ ಪುಲ್ಲಿ ಹಾಕದಿದ್ದರೆ ಅದು ವೇಗ ಮಿತಿಮೀರಿ, ನೀರಿನಲ್ಲಿ ಗುಳ್ಳೆಯೆದ್ದು, ತಂಪಾಗಿಸುವುದನ್ನೇ ನಿಲ್ಲಿಸುತ್ತದೆ. ಶಕ್ತಿಯೆಲ್ಲ 6000ದಿಂದ ಮೇಲೆ ಕೂತಿರುವುದರಿಂದ ಡಿಫರೆನ್ಷಿಯಲ್ ಅನುಪಾತವನ್ನೂ ಬದಲಿಸಬೇಕು. ಇಲ್ಲವಾದರೆ ಪ್ರತಿ ಗೇರ್ ಬದಲಾವಣೆಗೂ ಎಂಜಿನ್ ಆ ವಲಯದಿಂದ ಕೆಳಕ್ಕೆ ಬಿದ್ದು, ಮತ್ತೆ ಮೇಲೇರುವಷ್ಟರಲ್ಲಿ ಮೂಲ ಕಿಂಡಿಯ ಕಾರು ಮುಂದೆ ಹೋಗಿರುತ್ತದೆ.