ವಾಯುಗುಣ ಮಾದರಿಯನ್ನು ಇಸವಿಗೆ ಇಸವಿ ಹೋಲಿಸಬಾರದೇಕೆ: ಕೋಲಾರದ ಮಳೆಯನ್ನು ಇಟ್ಟುಕೊಂಡು ಒಂದು ಟಿಪ್ಪಣಿ

ಮೊದಲು ಪದಗಳ ವಿಷಯ. ಪತ್ರಿಕೆಗಳಲ್ಲಿ ‘ವೆದರ್’, ‘ಕ್ಲೈಮೇಟ್’ ಎರಡಕ್ಕೂ ‘ಹವಾಮಾನ’ ಎಂದೇ ಬರೆಯುವುದು ರೂಢಿ. ಈ ಟಿಪ್ಪಣಿಯಲ್ಲಿ ದಿನದಿನದ ಸ್ಥಿತಿಗೆ ಹವಾಮಾನ ಎಂದೂ ಹಲವು ದಶಕಗಳ ಸ್ವಭಾವಕ್ಕೆ ವಾಯುಗುಣ ಎಂದೂ ಶಾಲೆಯ ಭೂಗೋಳ ಪುಸ್ತಕದಂತೆ ಬೇರ್ಪಡಿಸಿ ಬರೆಯುತ್ತೇನೆ. ನಾನು ಎಡವಿದ್ದು ಈ ಎರಡರ ನಡುವೆಯೇ.

ಭಾರತೀಯ ಹವಾಮಾನ ಇಲಾಖೆಯ ಮಳೆ ದತ್ತಾಂಶ 1901ರಿಂದ ಈಚೆಗೆ ಅಕ್ಷಾಂಶ ರೇಖಾಂಶಗಳ ಕಾಲು ಡಿಗ್ರಿಯ ಚೌಕಗಳಲ್ಲಿ ದೊರೆಯುತ್ತದೆ. ಅದರಲ್ಲಿ ಕೋಲಾರದ ಚೌಕವನ್ನು ತೆಗೆದುಕೊಂಡೆ. ಇನ್ನೊಂದೆಡೆ, ಇಡೀ ಭೂಮಿಯ ವಾಯುಗುಣವನ್ನು ಭೌತನಿಯಮಗಳಿಂದ ಲೆಕ್ಕಹಾಕುವ ಕಂಪ್ಯೂಟರ್ ಮಾದರಿಗಳನ್ನು ಒಂದೇ ನಿಯಮದಡಿ ಓಡಿಸಿ ಹೋಲಿಸುವ ಸಿಎಂಐಪಿ ಯೋಜನೆಯ ಆರನೇ ಹಂತದಿಂದ ಒಂದು ಮಾದರಿಯ ‘ಐತಿಹಾಸಿಕ ಓಟ’ವನ್ನು, ಅಂದರೆ 1850ರಿಂದ 2014ರವರೆಗಿನ ಲೆಕ್ಕವನ್ನು ತೆಗೆದುಕೊಂಡೆ. ಎರಡರ ವಾರ್ಷಿಕ ಮಳೆಯನ್ನು ಇಸವಿಗೆ ಇಸವಿ ಎದುರುಬದುರಾಗಿಟ್ಟು ಸಹಸಂಬಂಧ ಗುಣಾಂಕ (ಎರಡು ಸರಣಿಗಳು ಒಟ್ಟೊಟ್ಟಿಗೆ ಏರಿಳಿದರೆ 1, ಸಂಬಂಧವೇ ಇಲ್ಲದಿದ್ದರೆ ಸೊನ್ನೆ) ತೆಗೆದಾಗ ಉತ್ತರ ಸೊನ್ನೆಯ ಆಸುಪಾಸಿನಲ್ಲಿತ್ತು. ಅಕ್ಷಾಂಶ ರೇಖಾಂಶಗಳನ್ನು ಅದಲುಬದಲು ಮಾಡಿರಬೇಕೆಂದು ಒಂದು ವಾರ ಹುಡುಕಿದೆ. ತಪ್ಪು ಸಿಗದಿದ್ದಾಗ ಮಾದರಿಯೇ ಕೆಟ್ಟದ್ದು ಎಂದು ತುಮಕೂರಿನ ನಮ್ಮ ಓದುಗುಂಪಿನಲ್ಲಿ ಹೇಳಿಬಿಟ್ಟೆ. ಆ ತೀರ್ಮಾನಕ್ಕೆ ಆಧಾರವೇ ಇರಲಿಲ್ಲ.

ಮಾದರಿಯ 2002 ನಮ್ಮ 2002 ಅಲ್ಲ

ಐತಿಹಾಸಿಕ ಓಟಕ್ಕೆ ಹೊರಗಿನಿಂದ ಕೊಡುವುದು ಇಷ್ಟೆ: ವರ್ಷವರ್ಷದ ಇಂಗಾಲದ ಡೈಆಕ್ಸೈಡ್ ಮತ್ತಿತರ ಹಸಿರುಮನೆ ಅನಿಲಗಳ ಪ್ರಮಾಣ, ಗಾಳಿಯಲ್ಲಿನ ಸೂಕ್ಷ್ಮಕಣಗಳು, ಸೂರ್ಯನ ಶಕ್ತಿಯ ಏರಿಳಿತ, ಭೂಬಳಕೆಯ ಬದಲಾವಣೆ, ಜ್ವಾಲಾಮುಖಿಗಳ ಧೂಳು. ಆದ್ದರಿಂದ 1883ರ ಕ್ರಕಟೋವ, 1991ರ ಪಿನಟುಬೊ ಸ್ಫೋಟಗಳು ಮಾದರಿಯಲ್ಲಿಯೂ ಅದೇ ಇಸವಿಗಳಲ್ಲಿ ಬರುತ್ತವೆ. ಆದರೆ ಪೆಸಿಫಿಕ್ ಸಾಗರ ಕೆಲವು ವರ್ಷಗಳಿಗೊಮ್ಮೆ ಬಿಸಿಯಾಗಿ ನಮ್ಮ ಮುಂಗಾರನ್ನೂ ಕುಗ್ಗಿಸಬಲ್ಲ ಎಲ್ ನಿನೊವನ್ನು ಯಾರೂ ಹೊರಗಿನಿಂದ ಕೊಡುವುದಿಲ್ಲ. ಮಾದರಿಯ ಸಾಗರ ಮತ್ತು ವಾತಾವರಣಗಳು ತಮ್ಮತಮ್ಮಲ್ಲೇ ಅದನ್ನು ಹುಟ್ಟಿಸಿಕೊಳ್ಳುತ್ತವೆ. ಓಟ ಆರಂಭವಾಗುವುದು 1850ರ ನಿಜವಾದ ಸಾಗರಸ್ಥಿತಿಯಿಂದಲ್ಲ, ಕೈಗಾರಿಕಾಪೂರ್ವ ಸ್ಥಿತಿಯಲ್ಲಿ ಶತಮಾನಗಳ ಕಾಲ ಓಡಿಸಿದ ಇನ್ನೊಂದು ಲೆಕ್ಕದ ಯಾವುದೋ ಒಂದು ಘಟ್ಟದಿಂದ. ಹೀಗಾಗಿ 2002ರಲ್ಲಿ ಭಾರತದಲ್ಲಿ ಮುಂಗಾರು ಕೈಕೊಟ್ಟಿತೆಂಬುದು ಮಾದರಿಗೆ ಗೊತ್ತಿರಲು ದಾರಿಯೇ ಇಲ್ಲ. ಗಾಳಿಯ ಉಷ್ಣತೆಯಲ್ಲಿ, ಒಂದು ಡಿಗ್ರಿಯನ್ನು ನೂರು ಲಕ್ಷ ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲಿನಷ್ಟು ವ್ಯತ್ಯಾಸ ಮಾಡಿ ಅದೇ ಮಾದರಿಯನ್ನು ಮತ್ತೆ ಓಡಿಸಿದರೂ ಕೆಲವು ವಾರಗಳಲ್ಲೇ ಹವಾಮಾನ ಬೇರೆ ಹಾದಿ ಹಿಡಿಯುತ್ತದೆ. ಇಂತಹ ಹತ್ತಾರು ಓಟಗಳ ಗುಂಪನ್ನು ಸಂಶೋಧಕರು ಉದ್ದೇಶಪೂರ್ವಕವಾಗಿಯೇ ಸಿದ್ಧಪಡಿಸುತ್ತಾರೆ.

ಇಷ್ಟು ಓದಿದರೆ ವಿಷಯ ಅರ್ಥವಾದಂತೆ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೂ ‘ಇಸವಿವಾರು ಹೋಲಿಕೆಯಿಂದ ಹೆಚ್ಚು ತಿಳಿಯದಿರಬಹುದು, ಆದರೆ ಹಾನಿಯೇನು?’ ಎಂಬ ಪ್ರಶ್ನೆ ಉಳಿದಿತ್ತು. ಹಾನಿ ಇದೆ, ಆ ಹೋಲಿಕೆ ಒಳ್ಳೆಯ ಮಾದರಿಯನ್ನು ದಂಡಿಸಿ ಕೆಟ್ಟದ್ದಕ್ಕೆ ಬಹುಮಾನ ಕೊಡುತ್ತದೆ. ಇದನ್ನು ಮನದಟ್ಟು ಮಾಡಿಕೊಳ್ಳಲು ನನಗೆ ಬೇಕಾದದ್ದು ಒಂದೇ ಸೂತ್ರ.

ಸೂತ್ರ, ನಿಧಾನವಾಗಿ

ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ವಾಯುಗುಣ ವಿಜ್ಞಾನಿ ಕಾರ್ಲ್ ಟೇಲರ್ 2001ರಲ್ಲಿ ಪ್ರಕಟಿಸಿದ, ಪ್ರತಿ ಮಾದರಿಯನ್ನೂ ಒಂದು ಬಿಂದುವಾಗಿ ಗುರುತಿಸುವ ಚಿತ್ರವಿಧಾನ ಇಂದು ಮಾದರಿಗಳ ಮೌಲ್ಯಮಾಪನದ ಬರಹಗಳಲ್ಲೆಲ್ಲ ಕಾಣುತ್ತದೆ. ಅದರ ಬೆನ್ನೆಲುಬು ತ್ರಿಕೋನಮಿತಿಯ ಕೊಸೈನ್ ನಿಯಮ. ಮಾದರಿಯ ಮಾನಕ ವಿಚಲನೆ (ಅಂಕಿಗಳು ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ತ್ರಿಕೋನದ ಒಂದು ಬಾಹು, ವಾಸ್ತವದ ಮಾನಕ ವಿಚಲನೆ ಇನ್ನೊಂದು ಬಾಹು, ಅವುಗಳ ನಡುವಿನ ಕೋನದ ಕೊಸೈನ್ ಎಂದರೆ ಸಹಸಂಬಂಧ ಗುಣಾಂಕ. ಮೂರನೇ ಬಾಹುವೇ ದೋಷ, ಎಂದರೆ ಮಾದರಿಗೂ ವಾಸ್ತವಕ್ಕೂ ಇರುವ ಅಂತರದ ಅಳತೆ. ಅಂದರೆ ದೋಷದ ವರ್ಗವು ಎರಡು ವಿಚಲನೆಗಳ ವರ್ಗಗಳ ಮೊತ್ತದಿಂದ, ಆ ಎರಡರ ಗುಣಲಬ್ಧದ ಇಮ್ಮಡಿಯನ್ನು ಸಹಸಂಬಂಧದಿಂದ ಗುಣಿಸಿ ಕಳೆದದ್ದಕ್ಕೆ ಸಮ. ಮೂರು ಅಳತೆಗಳು ಒಂದೇ ಬಿಂದುವಿನಲ್ಲಿ ಕೂರುವುದು ಈ ನಿಯಮದ ದೆಸೆಯಿಂದಲೇ.

ಈಗ ಲೆಕ್ಕಕ್ಕೆಂದು ಊಹಿಸಿಕೊಂಡ ಅಂಕಿಗಳನ್ನು ಹಾಕೋಣ. ಒಂದು ಊರಿನ ವಾರ್ಷಿಕ ಮಳೆಯ ಮಾನಕ ವಿಚಲನೆ 200 ಮಿ.ಮೀ. ಇರಲಿ. ಮಾದರಿ ‘ಅ’ ಪರಿಪೂರ್ಣ: ಅದರ ಸರಾಸರಿಯೂ ಸರಿ, ವಿಚಲನೆಯೂ 200, ಬರಗಾಲ ಬರುವ ಪ್ರಮಾಣವೂ ಸರಿ, ಇಸವಿಗಳು ಮಾತ್ರ ಅದರವೇ ಆದ್ದರಿಂದ ಸಹಸಂಬಂಧ ಸೊನ್ನೆ. ದೋಷದ ವರ್ಗ 40,000 ಕೂಡಿಸು 40,000, ಅಂದರೆ 80,000. ದೋಷ ಸುಮಾರು 283 ಮಿ.ಮೀ. ಮಾದರಿ ‘ಆ’ ನಿರ್ಜೀವ: ಪ್ರತಿ ವರ್ಷವೂ ಅದೇ ಸರಾಸರಿ ಮಳೆಯನ್ನು ಸುರಿಸುತ್ತದೆ, ಬರವಿಲ್ಲ, ನೆರೆಯಿಲ್ಲ. ಅದರ ವಿಚಲನೆ ಸೊನ್ನೆಯಾದ್ದರಿಂದ ಕಳೆಯಬೇಕಾದ ಪದವೂ ಸೊನ್ನೆ. ದೋಷ ಬರಿಯ 200 ಮಿ.ಮೀ. ಪಾವಗಡದಲ್ಲಿ ಎಂದೂ ಬರಗಾಲ ಬರುವುದಿಲ್ಲ ಎನ್ನುವ ಮಾದರಿಯೇ ಗೆದ್ದಿತು! ನಾನು ಈ ಸಾಲನ್ನು ಮೂರು ಬಾರಿ ಬರೆದು, ಮೂರು ಬಾರಿಯೂ ಎಲ್ಲೋ ತಪ್ಪಿದೆಯೆಂದು ಹೊಡೆದುಹಾಕಿದ್ದೆ. ತಪ್ಪಿಲ್ಲ.

ಇಲ್ಲಿಂದಲೇ ಇನ್ನೊಂದು ಗಂಟೂ ಬಿಚ್ಚಿಕೊಂಡಿತು. ‘ಅ’ಯಂತಹ 25 ಓಟಗಳ ಸರಾಸರಿ ತೆಗೆದರೆ ಅವುಗಳ ಏರಿಳಿತಗಳು ಒಂದನ್ನೊಂದು ನುಂಗಿ ವಿಚಲನೆ 200ರ ಐದನೇ ಒಂದು ಭಾಗಕ್ಕೆ, ಅಂದರೆ 40ಕ್ಕೆ ಇಳಿಯುತ್ತದೆ, ದೋಷ ಸುಮಾರು 204 ಮಿ.ಮೀ. ಒಂದೊಂದು ಓಟದ ದೋಷ 283, ಅವುಗಳ ಸರಾಸರಿಯದು 204. ಆ ಸರಾಸರಿಗೆ ಹೊಸ ಜ್ಞಾನವೇನೂ ಬಂದಿಲ್ಲ, ಅದು ಚಪ್ಪಟೆಯಾಗಿದೆ ಅಷ್ಟೆ. ಹಾಗೆಂದು ಬಹುಮಾದರಿ ಸರಾಸರಿಯೆಲ್ಲ ವ್ಯರ್ಥವೆಂದು ಹೇಳುವುದೂ ತಪ್ಪು: ಪೀಟರ್ ಗ್ಲೆಕ್ಲರ್, ಟೇಲರ್ ಮತ್ತು ಸಂಗಡಿಗರು 2008ರಲ್ಲಿ ಮಾದರಿಗಳ ದೀರ್ಘಕಾಲೀನ ಸರಾಸರಿ ನಕ್ಷೆಗಳನ್ನು ಪರೀಕ್ಷಿಸಿದಾಗ ಮಾದರಿಗಳ ಸರಾಸರಿಯು ಬಹುಪಾಲು ಬಿಡಿ ಮಾದರಿಗಳಿಗಿಂತ ವಾಸ್ತವಕ್ಕೆ ಹತ್ತಿರವಿತ್ತು. ಅಲ್ಲಿ ಒಂದು ಮಾದರಿಯ ತಪ್ಪನ್ನು ಇನ್ನೊಂದರ ವಿರುದ್ಧ ದಿಕ್ಕಿನ ತಪ್ಪು ಸರಿದೂಗಿಸುವುದು ನಿಜವಾದ ಲಾಭ. ಬರಗಾಲದ ಪ್ರಶ್ನೆ ಕೇಳುವವರು ಮಾತ್ರ ಸರಾಸರಿಯ ಬಳಿ ಹೋಗಬಾರದು.

ಟೇಲರ್ ಚಿತ್ರದಲ್ಲಿ ಮರೆಯಬಾರದ ಇನ್ನೊಂದು ಅಂಶವೆಂದರೆ, ಲೆಕ್ಕಕ್ಕೆ ಮೊದಲೇ ಎರಡೂ ಕಡೆಯ ಸರಾಸರಿಯನ್ನು ಕಳೆದುಬಿಟ್ಟಿರುತ್ತಾರೆ. ಪ್ರತಿ ತಿಂಗಳೂ 100 ಮಿ.ಮೀ. ಹೆಚ್ಚು ಸುರಿಸುವ ಮಾದರಿ ಆ ಚಿತ್ರದಲ್ಲಿ ಜಾಗ ಕದಲುವುದಿಲ್ಲ. ಸರಾಸರಿಯ ತಪ್ಪನ್ನು ಪಕ್ಕದಲ್ಲಿ ಬೇರೆಯಾಗಿಯೇ ಬರೆದುಕೊಳ್ಳಬೇಕು.

ಹಾಗಾದರೆ ಏನನ್ನು ಹೋಲಿಸುವುದು?

ಸಾಗರದ ಮೇಲ್ಮೈ ಉಷ್ಣತೆಯನ್ನು ನಿಜವಾಗಿ ಅಳೆದಂತೆಯೇ ಕೊಟ್ಟು ವಾತಾವರಣವನ್ನಷ್ಟೇ ಓಡಿಸುವ ಎಎಂಐಪಿ ಓಟಗಳಲ್ಲಿ ಎಲ್ ನಿನೊ ಸರಿಯಾದ ವರ್ಷಕ್ಕೆ ಬರುವುದರಿಂದ ಅಲ್ಲಿ ಇಸವಿವಾರು ಹೋಲಿಕೆಗೆ ತಕ್ಕಮಟ್ಟಿನ ಅರ್ಥವಿದೆ. ಉಳಿದಂತೆ ಕೇಳಬೇಕಾದ್ದು ಸ್ವಭಾವದ ಪ್ರಶ್ನೆಗಳನ್ನು: ಸತತ ಎರಡು ಮೂರು ವರ್ಷ ಮಳೆ ಕೈಕೊಡುವುದು ಎಷ್ಟು ಸಲ? ವಾಸ್ತವದ ಏರಿಕೆ ಇಳಿಕೆಯ ಒಲವು ಓಟಗಳ ಹರವಿನೊಳಗೆ ಬೀಳುತ್ತದೆಯೇ? 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರಗಳ ಕೆರೆಗಳು ಕೋಡಿ ಹರಿದವಲ್ಲ, ಅಂತಹ ನವೆಂಬರ್ ಮಾದರಿಯಲ್ಲಿ ಯಾವಾಗಲಾದರೂ ಹುಟ್ಟುತ್ತದೆಯೇ?

ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ತಿಂಗಳವಾರು ಸರಾಸರಿಯ ಗೆರೆ. ಮಂಗಳೂರಿನಲ್ಲಿ ಮಳೆಯ ತುದಿ ಜೂನ್, ಜುಲೈಗಳಲ್ಲಿದ್ದರೆ ಪಶ್ಚಿಮ ಘಟ್ಟದ ಮಳೆ ನೆರಳಿನಲ್ಲಿರುವ ನಮ್ಮ ಬಯಲುಸೀಮೆಗೆ ಎರಡು ಏರುಗಳಿವೆ: ಮೇ ತಿಂಗಳ ಗುಡುಗುಮಳೆಯದು ಚಿಕ್ಕದು, ಸೆಪ್ಟೆಂಬರ್, ಅಕ್ಟೋಬರಿನದು ದೊಡ್ಡದು. ಹುಬ್ಬೆ, ಉತ್ತರೆ, ಹಸ್ತೆ ಮಳೆಗಳ ಮೇಲೆ ರಾಗಿ ನಿಂತಿದೆ ಎಂದು ಮನೆಯಲ್ಲಿ ಹಿರಿಯರು ಹೇಳುವುದು ಈ ಎರಡನೇ ಏರನ್ನೇ. ನೂರು ಕಿ.ಮೀ. ಅಗಲದ ಚೌಕಗಳ ಮಾದರಿಗೆ 1,478 ಮೀಟರಿನ ನಂದಿಬೆಟ್ಟ ಕಾಣುವುದೇ ಇಲ್ಲ. ಘಟ್ಟವೂ ಕಡಿದಾದ ಗೋಡೆಯಾಗಿರದೆ ತಗ್ಗಾದ ಇಳಿಜಾರಾಗಿ ಹರಡಿಕೊಳ್ಳುತ್ತದೆ, ಮಳೆ ನೆರಳು ಮಸುಕಾಗುತ್ತದೆ. ನಾನು ಹಿಡಿದಿದ್ದ ಮಾದರಿಯ ಗೆರೆಯನ್ನು ಬಿಡಿಸಿ ನೋಡಿದಾಗ ಕೋಲಾರದ ಚೌಕದಲ್ಲಿ ಮೇ ತಿಂಗಳ ಏರು ಇರಲೇ ಇಲ್ಲ, ಮಳೆಯ ತುದಿ ಜುಲೈನಲ್ಲಿತ್ತು. ಆ ಮಾದರಿಯಲ್ಲಿ ದೋಷವಿದ್ದದ್ದು ನಿಜ. ಆದರೆ ಅದು ಯಾವ ಇಸವಿಯಲ್ಲೂ ಇರಲಿಲ್ಲ. ಕೋಲಾರಕ್ಕೆ ಅದು ಮಲೆನಾಡಿನ ಮಳೆಗಾಲವನ್ನು ಕೊಟ್ಟಿತ್ತು.