ಚಿತ್ರ ಯಾರಿಗಾಗಿ ತೆಗೆದದ್ದು?

ವನ್ಯಜೀವಿ ಚಿತ್ರೀಕರಣ ನನ್ನ ಕಸುಬು. ಶಿವಮೊಗ್ಗದ ಕಾಲೇಜುಗಳಿಗೆ ಹೋದಾಗಲೆಲ್ಲ ಹುಡುಗರು ಕೇಳುತ್ತಾರೆ: 'ಸರ್, ನಿಮ್ಮ ಸಿನಿಮಾದಿಂದ ಕಾಡು ಉಳಿಯುತ್ತದೆಯೇ?' ಬಹುಪಾಲು ಸಿನಿಮಾಗಳಿಂದ ಉಳಿಯುವುದಿಲ್ಲ. ಕಾಡು ಉಳಿದ ಉದಾಹರಣೆಯೊಂದು ನಮ್ಮ ಮಲೆನಾಡಿನಲ್ಲೇ ಇದೆ.

ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆಯ ಬಗ್ಗೆ ವನ್ಯಜೀವಿ ಚಿತ್ರಗಳ ನಿರ್ದೇಶಕ ಶೇಖರ್ ದತ್ತಾತ್ರಿ 2001ರಲ್ಲಿ ಪುಟ್ಟದೊಂದು ಸಾಕ್ಷ್ಯಚಿತ್ರ ಮಾಡಿದರು. ಗಣಿಯಿಂದ ಭದ್ರೆಗೆ ಇಳಿಯುತ್ತಿದ್ದ ಹೂಳು, ಬೋಳಾದ ಗುಡ್ಡ ಅದರಲ್ಲಿದ್ದವು. ಗಣಿ ನಿಲ್ಲಬೇಕೆಂದು ವೈಲ್ಡ್‌ಲೈಫ್ ಫಸ್ಟ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಆಗ ಸುಪ್ರೀಂ ಕೋರ್ಟಿನಲ್ಲಿ ಹೋರಾಡುತ್ತಿತ್ತು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಗಣಿ ನಿಲ್ಲಿಸಿದ್ದು ಸಿನಿಮಾ ಎಂದರೆ ವಕೀಲರಿಗೂ ಹೂಳು ಅಳೆದ ವಿಜ್ಞಾನಿಗಳಿಗೂ ಅನ್ಯಾಯವಾದೀತು. ಆದರೆ ನದಿಯನ್ನೇ ನೋಡದವರಿಗೆ ಅಂಕಿಅಂಶ ಕಣ್ಣಿಗೆ ಕಟ್ಟುವಂತಾದದ್ದು ಆ ಚಿತ್ರದಿಂದ.

ಇನ್ನು ನಾವು ದಿನವೂ ತೆಗೆಯುವ ಚೆಂದದ ದೃಶ್ಯಗಳ ಮಾತು. ಬೇಸಿಗೆಯಲ್ಲಿ ಆಗುಂಬೆಯ ಸುತ್ತಿನ ಕಾಡಿನಲ್ಲಿ ಹೆಣ್ಣು ಕಾಳಿಂಗ ಸರ್ಪ ಮೈಯ ಸುರುಳಿಯಿಂದಲೇ ತರಗೆಲೆ ಎಳೆದು ಗುಡ್ಡೆ ಹಾಕಿ, ಒಳಗೆ ಮೊಟ್ಟೆ ಇಟ್ಟು ಕಾವಲು ಕೂರುತ್ತದೆ. ಹಾವುಗಳಲ್ಲಿ ಹೀಗೆ ಗೂಡು ಕಟ್ಟುವ ಜಾಣ್ಮೆ ಇದರದ್ದೇ. ಒತ್ತಾಗಿ ಕೂತ ಎಲೆಗಳು ಆಗುಂಬೆಯ ಮಳೆಯನ್ನೂ ಹೊರಕ್ಕೇ ಹರಿಸುತ್ತವೆ, ಮೊಟ್ಟೆಗೆ ಬೇಕಾದ ಬಿಸುಪನ್ನು ಒಳಗೆ ಹಿಡಿದಿಡುತ್ತವೆ. ಮೊಟ್ಟೆ ಕಾಣಲೆಂದು ಮೇಲಿನ ಎಲೆ ಸರಿಸಿ ಒಂದು ಶಾಟ್ ತೆಗೆದರೆ ಆ ಹೊದಿಕೆ ಕೆಟ್ಟಿತು. ನಾವು ಎಷ್ಟೇ ನಾಜೂಕಾಗಿ ಮತ್ತೆ ಮುಚ್ಚಿದರೂ ಹಾವು ಮುಚ್ಚಿದಂತೆ ಆಗುವುದಿಲ್ಲ. ಪರದೆಯ ಮೇಲೆ ಆ ಶಾಟ್‌ಗೇ ಹೆಚ್ಚು ಚಪ್ಪಾಳೆ, ಅದೇ ಕಷ್ಟ.

ಸಾಹಸ ಪ್ರವಾಸದ ಲೆಕ್ಕವೂ ಸರಳವಲ್ಲ. ಕೊಡಚಾದ್ರಿಯ ಜೀಪಿನವರಿಗೂ ಹೋಂಸ್ಟೇ ನಡೆಸುವವರಿಗೂ ಚಾರಣಿಗರಿಂದಲೇ ಅನ್ನ. ಅದನ್ನು ಹಗುರವಾಗಿ ಕಾಣಲಾರೆ. ಆದರೆ ಹಾದಿ ಕೆಸರಾದಾಗ ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅದೂ ಕೆಸರಾದರೆ ಅದರಾಚೆ. ಬೇರು ಸತ್ತ ಜಾಗದಲ್ಲಿ ಮುಂದಿನ ಮಳೆ ಕೊರಕಲು ತೋಡುತ್ತದೆ. ಕುಮಾರಪರ್ವತದಲ್ಲಿ 2024ರ ಜನವರಿಯಲ್ಲಿ ಜನ ಮುಗಿಬಿದ್ದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು ಸಂಖ್ಯೆಗೆ ಮಿತಿ ಹಾಕಿತು. ನನ್ನ ಮಟ್ಟಿಗೆ, ಹತ್ತು ಸುಂದರ ಚಿತ್ರಗಳಿಗಿಂತ ಆ ಮಿತಿಯೇ ಬೆಟ್ಟಕ್ಕೆ ಹೆಚ್ಚು ಉಪಕಾರಿ.

ಹಾಗಾಗಿ ಹೊಸ ಚಿತ್ರದ ಮಾತು ಬಂದರೆ ನಿರ್ಮಾಪಕರನ್ನು ನಾನು ಮೊದಲು ಕೇಳುವುದು, ಇದನ್ನು ಯಾರ ಮುಂದೆ ಇಡುತ್ತೀರಿ, ಅವರಿಂದ ಏನು ಆಗಬೇಕು ಎಂದು. 'ಎಲ್ಲರೂ ನೋಡಲಿ' ಎಂಬ ಉತ್ತರ ಬಂದರೆ ಗೂಡಿನ ಜಾಗವನ್ನು ಅವರಿಗೆ ತೋರಿಸುವುದಿಲ್ಲ.