‘ಬರೀ ನಡೀತೀವಿ, ಚಿಕ್ಕದು ಸಾಕು’ ಅನ್ನುವವರ ಟ್ರೆಡ್‌ಮಿಲ್

“ನಾವೇನು ಓಡೋದಿಲ್ಲ ಸಾರ್, ಬರೀ ನಡೀತೀವಿ. ಚಿಕ್ಕ ಮೋಟರಿನದ್ದೇ ಸಾಕು ಅಲ್ವಾ?”

ಟ್ರೆಡ್‌ಮಿಲ್ ರಿಪೇರಿ ಮಾಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕೊಳ್ಳುವ ಮುಂಚೆ ಕೇಳುವವರಾದರೂ ವಾಸಿ. ಬಹಳ ಜನ ಕೊಂಡು, ಮೋಟರ್ ಸುಟ್ಟ ಮೇಲೆ ಅದನ್ನೇ ಸಿಟ್ಟಿನಿಂದ ಹೇಳುತ್ತಾರೆ. “ಒಂದು ದಿನವೂ ಓಡಿಲ್ಲ, ಆದ್ರೂ ಹೆಂಗೆ ಸುಟ್ಟೋಯ್ತು?” ನಿಧಾನ ನಡೆದಿದ್ದಕ್ಕೇ ಸುಟ್ಟಿತು ಅಂದರೆ, ದುಡ್ಡು ಕೀಳೋಕೆ ಬಂದವನ ಹಾಗೆ ನನ್ನನ್ನು ನೋಡುತ್ತಾರೆ.

ಸ್ವಲ್ಪ ತಾಳ್ಮೆಯಿಂದ ಓದಿ. ಮನೆ ಬಳಕೆಯ ಟ್ರೆಡ್‌ಮಿಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಡಿಸಿ ಮೋಟರ್. ಅದಕ್ಕೂ ಬೆಲ್ಟು ತಿರುಗಿಸುವ ರೋಲರ್‌ಗೂ ನಡುವೆ ಗೇರ್ ಇರುವುದಿಲ್ಲ. ಬೆಲ್ಟು ನಿಧಾನ ಆಗಬೇಕಾದರೆ ಮೋಟರೇ ನಿಧಾನ ಆಗಬೇಕು. ಬೈಕನ್ನು ನಾಲ್ಕನೇ ಗೇರಿನಲ್ಲೇ ಇಟ್ಟು ಗಣಪತಿ ಮೆರವಣಿಗೆಯ ಹಿಂದೆ ಓಡಿಸಿ ನೋಡಿ, ಎಂಜಿನ್ ಹೇಗೆ ಒದ್ದಾಡುತ್ತೆ ಅಂತ ಗೊತ್ತಾಗುತ್ತದೆ.

ನೀವು ಹೆಜ್ಜೆ ಇಟ್ಟಾಗ ನಿಮ್ಮ ತೂಕ ಬೆಲ್ಟನ್ನು ಕೆಳಗಿನ ಹಲಗೆಗೆ ಒತ್ತುತ್ತದೆ. ಆ ಉಜ್ಜಾಟ ಮೀರಿ ಬೆಲ್ಟು ಎಳೆಯುವುದೇ ಮೋಟರಿನ ಮುಖ್ಯ ಕೆಲಸ. ಉಜ್ಜಾಟ ಜಾಸ್ತಿಯೋ ಕಮ್ಮಿಯೋ ಅನ್ನುವುದು ನಿಮ್ಮ ತೂಕ ಮತ್ತು ಬೆಲ್ಟಿನ ಅಡಿ ಇರುವ ಎಣ್ಣೆಯನ್ನು ಅವಲಂಬಿಸಿರುತ್ತದೆ. ವೇಗಕ್ಕೆ ಅದರಲ್ಲಿ ದೊಡ್ಡ ಪಾತ್ರ ಇಲ್ಲ. ಹಾಗಾಗಿ 90 ಕಿಲೋ ತೂಗುವವರು ಗಂಟೆಗೆ 2.5 ಕಿ.ಮೀ. ನಡೆದರೂ 10 ಕಿ.ಮೀ. ಓಡಿದರೂ ಮೋಟರಿನ ಸುರುಳಿಯಲ್ಲಿ ಹರಿಯುವ ಕರೆಂಟು ಹೆಚ್ಚೂಕಮ್ಮಿ ಒಂದೇ ಲೆಕ್ಕ. ಹುಟ್ಟುವ ಬಿಸಿಯೂ ಅಷ್ಟೇ. ಆ ಬಿಸಿಯನ್ನು ಹೊರಗೆ ತಳ್ಳುವ ಫ್ಯಾನ್ ಎಲ್ಲಿದೆ? ಬಹುತೇಕ ಯಂತ್ರಗಳಲ್ಲಿ ಮೋಟರಿನ ದಂಡಕ್ಕೇ ಕೂರಿಸಿರುತ್ತಾರೆ. ಮೋಟರು ಕಾಲು ಭಾಗ ವೇಗದಲ್ಲಿ ತಿರುಗಿದರೆ ಫ್ಯಾನೂ ಕಾಲು ಭಾಗವೇ. ಗಾಳಿಯೇ ಬರುವುದಿಲ್ಲ.

ಇನ್ನೊಂದು ಇದೆ. ಮೋಟರಿನ ತುದಿಯಲ್ಲಿ ಒಂದು ಭಾರದ ಚಕ್ರ ಇರುತ್ತದೆ. ಕಾಲು ಬಿದ್ದ ಹೊಡೆತವನ್ನು ಅದು ತನ್ನ ರಭಸದಲ್ಲಿ ಸಾಗಿಸಿಬಿಡುತ್ತದೆ. ವೇಗ ನಾಲ್ಕನೇ ಒಂದಕ್ಕೆ ಇಳಿದರೆ ಚಕ್ರದಲ್ಲಿರುವ ಶಕ್ತಿ ಹದಿನಾರನೇ ಒಂದಕ್ಕೆ ಇಳಿಯುತ್ತದೆ. ಆಗ ಪ್ರತಿ ಹೆಜ್ಜೆಯನ್ನೂ ಮೋಟರೇ ಹೊರಬೇಕು, ಅದನ್ನು ನಡೆಸುವ ಕಂಟ್ರೋಲ್ ಬೋರ್ಡೂ ಹೊರಬೇಕು. ಬೋರ್ಡು ಹೋದರೆ ಬಿಲ್ಲು ನೋಡಿ ಜನಕ್ಕೆ ಎದೆ ಬಡಿತ ಜಾಸ್ತಿ ಆಗುತ್ತೆ, ಅದಕ್ಕೆ ಟ್ರೆಡ್‌ಮಿಲ್ ಹತ್ತಬೇಕಾಗಿಯೇ ಇಲ್ಲ.

ಆಸ್ಪತ್ರೆಯಲ್ಲಿ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯದ ಪರೀಕ್ಷೆ, ಮಾಡಿಸಿಕೊಂಡವರು ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಬಳಸುವ ಬ್ರೂಸ್ ಪದ್ಧತಿಯಲ್ಲಿ ಶುರುವಾಗುವುದೇ ಗಂಟೆಗೆ 2.7 ಕಿ.ಮೀ. ವೇಗದಲ್ಲಿ, ಶೇ. 10ರ ಏರಿನಲ್ಲಿ. ಎಂಥ ತೂಕದವರು ಬಂದರೂ ಬೆಲ್ಟು ತಡವರಿಸಬಾರದು. ಮನೆಯ ಪುಟ್ಟ ಮೋಟರನ್ನು ಅಲ್ಲಿ ಇಟ್ಟರೆ ಬಹಳ ದಿನ ಬಾಳುವುದಿಲ್ಲ.

ಚಾಮರಾಜಪೇಟೆಯಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು ಇದ್ದಾರೆ. ಬಹಳ ಒಳ್ಳೆಯ ಜನ, ಕಾಫಿ ಕುಡಿಸದೆ ಸ್ಕ್ರೂಡ್ರೈವರ್ ಮುಟ್ಟಲು ಬಿಡುವುದಿಲ್ಲ. ಅಮೆರಿಕದಲ್ಲಿರುವ ಮಗ ಆನ್‌ಲೈನಿನಲ್ಲಿ ಒಂದು ಮಡಚುವ ಟ್ರೆಡ್‌ಮಿಲ್ ಕಳಿಸಿದ್ದ. ಮೇಷ್ಟ್ರ ತೂಕ ತೊಂಬತ್ತರ ಮೇಲೆ. ವಿಷ್ಣು ಸಹಸ್ರನಾಮ ಹೇಳಿಕೊಂಡು, ಉಸಿರು ಕಟ್ಟಬಾರದು ಅಂತ ಗಂಟೆಗೆ 2 ಕಿ.ಮೀ. ವೇಗದಲ್ಲಿ ನಡೆಯುತ್ತಿದ್ದರು. ಫಲಶ್ರುತಿಗೆ ಬರುವ ಹೊತ್ತಿಗೆ ಸುಟ್ಟ ವಾರ್ನಿಶ್ ವಾಸನೆ. ಮೇಲಿನ ಮುಚ್ಚಳ ಬಿಚ್ಚಿದೆ. ಕಾರ್ಬನ್ ಬ್ರಶ್ಶಿನ ಕಪ್ಪು ಪುಡಿ, ಕೂದಲು, ಮೂಲೆಯಲ್ಲಿ ಹಲ್ಲಿಯ ಮೊಟ್ಟೆ. ಬೆಲ್ಟಿನ ಅಡಿ ಕೈ ತೂರಿಸಿದರೆ ಬೆರಳಿಗೆ ಅಂಟಂಟು, ಮೂಸಿದರೆ ತೆಂಗಿನೆಣ್ಣೆ! “ಎಣ್ಣೆ ಬಿಡಬೇಕು ಅಂತ ಪುಸ್ತಕದಲ್ಲಿತ್ತಲ್ಲಪ್ಪಾ” ಅಂದರು. ಅಲ್ಲಿ ಬಿಡಬೇಕಾದದ್ದು ಸಿಲಿಕೋನ್ ಎಣ್ಣೆ. ತೆಂಗಿನೆಣ್ಣೆ, ಹೊಲಿಗೆ ಮಷೀನ್ ಎಣ್ಣೆ ಯಾವುದೂ ಆಗದು. ಧೂಳು ಹಿಡಿದು ಉಜ್ಜಾಟ ಇನ್ನೂ ಏರುತ್ತದೆ. ಎಷ್ಟು ದಿನಕ್ಕೊಮ್ಮೆ ಅನ್ನುವುದಕ್ಕೆ ನಿಮ್ಮ ಯಂತ್ರದ ಕೈಪಿಡಿಯೇ ಪ್ರಮಾಣ. ಬೆಲ್ಟಿನ ಅಡಿ ಮುಟ್ಟಿದಾಗ ಬೆರಳು ಪೂರ್ತಿ ಒಣಗಿದ್ದರೆ ಮಾತ್ರ ಕೈಪಿಡಿಗೆ ಕಾಯಬೇಡಿ. ಮುಟ್ಟುವ ಮುಂಚೆ ಪ್ಲಗ್ ಕಿತ್ತಿರಬೇಕು, ಅದನ್ನು ಹೇಳುವ ಅಗತ್ಯ ಇಲ್ಲ ಅಂದುಕೊಂಡಿದ್ದೇನೆ.

ಹಾಗಾದರೆ 5 ಎಚ್‌ಪಿ ಅಂತ ಬರೆದದ್ದು ತಗೊಳ್ಳೋಣ ಅಂತೀರಾ? ಒಂದು ಸಣ್ಣ ಲೆಕ್ಕ ಮಾಡಿ. 1 ಎಚ್‌ಪಿ ಅಂದರೆ 746 ವ್ಯಾಟ್. 5 ಎಚ್‌ಪಿಗೆ 3,730 ವ್ಯಾಟ್. ನಮ್ಮ ಮನೆಯ 230 ವೋಲ್ಟಿನಲ್ಲಿ ಗೀಸರ್ ಹಾಕುವ 16 ಆಂಪಿಯರ್ ಸಾಕೆಟ್ಟೂ ಕೊಡಬಲ್ಲದ್ದು 3,680 ವ್ಯಾಟ್. ಸಾಕೆಟ್ಟೇ ಕೊಡಲಾರದ ಶಕ್ತಿಯನ್ನು ಮೋಟರ್ ದಿನವೂ ಎಲ್ಲಿಂದ ತರುತ್ತದೆ? ಅದು ‘ಪೀಕ್’ ಎಚ್‌ಪಿ, ಒಂದು ಕ್ಷಣದ ಲೆಕ್ಕ. ನೀವು ಕೇಳಬೇಕಾದದ್ದು ‘ಕಂಟಿನ್ಯೂಯಸ್’ ಎಚ್‌ಪಿ, ಅಂದರೆ ಮೋಟರ್ ಬಿಡುವಿಲ್ಲದೆ ಕೊಡಬಲ್ಲ ಶಕ್ತಿ. ಅಂಗಡಿಯವನು ಆ ಸಂಖ್ಯೆ ಹೇಳಲು ತಡಬಡಾಯಿಸಿದರೆ ಸುಮ್ನೆ ಎದ್ದು ಬನ್ನಿ. ಯಂತ್ರದ ಪ್ಲಗ್ಗನ್ನೂ ಒಮ್ಮೆ ನೋಡಿ. ಸಣ್ಣ 6 ಆಂಪಿಯರ್ ಪ್ಲಗ್ ಇದ್ದರೆ 1,380 ವ್ಯಾಟ್‌ಗೆ ಮುಗಿಯಿತು, 2 ಎಚ್‌ಪಿ ಕೂಡ ಆಗುವುದಿಲ್ಲ.

ನನ್ನ ಅಂದಾಜು ಕೇಳಿದರೆ, 80 ಕಿಲೋ ದಾಟಿದವರು ಬರೀ ನಡೆಯುವುದಕ್ಕೂ 2 ಎಚ್‌ಪಿ ಕಂಟಿನ್ಯೂಯಸ್‌ಗಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು. ಯಂತ್ರ ಹೊರುವ ತೂಕ ಅಂತ ಬರೆದಿರುತ್ತಾರಲ್ಲ, ಅದಕ್ಕೂ ಮನೆಯಲ್ಲಿ ಎಲ್ಲರಿಗಿಂತ ದಪ್ಪ ಇರುವವರ ತೂಕಕ್ಕೂ ನಡುವೆ ಇಪ್ಪತ್ತು ಕಿಲೋ ಅಂತರ ಇರಲಿ. ಇದು ರಿಪೇರಿಯವನ ಅನುಭವ, ಕಂಪನಿಯ ನಿಯಮ ಅಲ್ಲ. ಇನ್ನು ನಿಮ್ಮ ಮಂಡಿಗೆ, ಎದೆಗೆ ನಡಿಗೆ ಎಷ್ಟು ಬೇಕು ಅನ್ನುವುದನ್ನು ಡಾಕ್ಟರನ್ನೇ ಕೇಳಿ.

ಅಂಗಡಿಯಲ್ಲಿ ಎಲ್ಲರೂ ಮಾಡುವುದು ಒಂದೇ. ಹಗುರ ಮೈಯ ಮಗ ಹತ್ತುತ್ತಾನೆ, ಜೋರಾಗಿ ಓಡುತ್ತಾನೆ, “ಸ್ಮೂತ್ ಇದೆ” ಅನ್ನುತ್ತಾನೆ. ದುಡ್ಡು ಕೊಟ್ಟು ಬರುತ್ತಾರೆ. ಮರುದಿನದಿಂದ ನಡೆಯುವವರು ಅಪ್ಪ. ಹಾಗೆ ಮಾಡಬೇಡಿ. ಅಪ್ಪನನ್ನೇ ಕರೆದುಕೊಂಡು ಹೋಗಿ. ಗಂಟೆಗೆ 2 ಕಿ.ಮೀ. ಇಡಿ, ಹಿಡಿಕೆ ಬಿಟ್ಟು ಹತ್ತು ನಿಮಿಷ ನಡೆಯಲಿ. ಬಿಡುವುದಕ್ಕೆ ಆಗದವರು ಹಗುರವಾಗಿ ಹಿಡಿದುಕೊಳ್ಳಲಿ. ನೀವು ಬಗ್ಗಿ ಬೆಲ್ಟನ್ನೇ ನೋಡಿ. ಹಿಮ್ಮಡಿ ಬಿದ್ದಾಗಲೆಲ್ಲ ಬೆಲ್ಟು ಒಂದು ಕ್ಷಣ ನಿಂತು ಮತ್ತೆ ಎಳೆದುಕೊಂಡರೆ ಆ ಯಂತ್ರ ನಿಮ್ಮ ಮನೆಗಲ್ಲ. ಕೆಲವೊಮ್ಮೆ ಬೆಲ್ಟು ಸಡಿಲ ಇದ್ದರೂ ಹೀಗಾಗುತ್ತದೆ. ಬಿಗಿ ಮಾಡಿಸಿ ಇನ್ನೊಮ್ಮೆ ನೋಡಿ. ಹತ್ತು ನಿಮಿಷ ಆದ ಮೇಲೆ ಮುಂದಿನ ಮುಚ್ಚಳದ ಮೇಲೆ ಕೈ ಇಟ್ಟು ಬಿಸಿ ಎಷ್ಟಿದೆ ನೋಡಿ, ವಾಸನೆಯನ್ನೂ ನೋಡಿ.

ಬ್ಲೂಟೂತ್, ಸ್ಪೀಕರ್, ಲೋಟ ಇಡುವ ಜಾಗ, ಇವೆಲ್ಲ ನಿಮ್ಮಿಷ್ಟ. ಮನೆಯಲ್ಲಿ ಹಿಂದುಗಡೆ ಆರಡಿ ಖಾಲಿ ಜಾಗ ಬಿಡಿ, ಮಕ್ಕಳಿದ್ದರೆ ಕೆಂಪು ಸೇಫ್ಟಿ ಕೀಯನ್ನು ಕಿತ್ತು ಬೀರುವಿನಲ್ಲಿಡಿ. ಎಕ್ಸ್‌ಟೆನ್ಶನ್ ಬಾಕ್ಸ್‌ಗೆ, ಮನೆಯ ಇನ್ವರ್ಟರ್ ಲೈನಿಗೆ ಹಾಕಬೇಡಿ.

ಮೇಷ್ಟ್ರಿಗೆ ಹೊಸ ಮೋಟರ್ ಹಾಕಿಸುವ ಖರ್ಚಿಗೆ ಇನ್ನಷ್ಟು ಸೇರಿಸಿ ದೊಡ್ಡದನ್ನೇ ತಗೊಳ್ಳಿ ಅಂದೆ. ತಗೊಂಡರು. ಮೂರನೇ ಮಹಡಿ, ಲಿಫ್ಟ್ ಇಲ್ಲ, ಯಂತ್ರದ ತೂಕ ಅವರಿಗಿಂತ ಜಾಸ್ತಿ. ಕೊಳ್ಳುವ ಮುಂಚೆ ಮೆಟ್ಟಿಲ ಅಗಲವನ್ನೂ ಒಮ್ಮೆ ಟೇಪು ಹಿಡಿದು ಅಳೆದುಬಿಡಿ.